ಬಿಸಿಲಿಗಿಟ್ಟ ಇಲಿ

ಈ ಸಂಗತಿಯನ್ನು ಇದಕ್ಕೆ ಮೊದಲು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಮೊದಲ ಸಲ ಬರೆದದ್ದರಲ್ಲಿ ಸತ್ತ ಇಲಿಯನ್ನು ಪಕ್ಕದ ಮನೆಯ ಬಚ್ಚಲಿಗೆ ಎಸೆದವನು ನನ್ನ ಗೆಳೆಯ. ಎರಡನೆಯದರಲ್ಲಿ ನಾವು ಮೂವರೂ ಸೇರಿ ಎಸೆದಿದ್ದೆವು, ಒಂದು ಇಲಿಗೆ ಮೂರು ಜನರ ಕೈ ಬೇಕು ಎಂಬಂತೆ. ಎಸೆದವನು ನಾನು. ಇದನ್ನು ಮೊದಲ ಸಾಲುಗಳಲ್ಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆಂದು ಇಟ್ಟುಕೊಂಡರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮತ್ತೆ ಯಾರ ಕೈಗಾದರೂ ದಾಟಿಸಿಬಿಟ್ಟೇನು.

ಯುದ್ಧ ನಡೆಯುತ್ತಿದ್ದ ವರ್ಷಗಳು. ಮಂಡ್ಯ ಜಿಲ್ಲೆಯಾಗಿ ಬಹಳ ಕಾಲವಾಗಿರಲಿಲ್ಲ. ನಾಲೆಯ ನೀರು ಬಂದಿತ್ತು, ಸಕ್ಕರೆ ಕಾರ್ಖಾನೆ ಬಂದಿತ್ತು, ಅವುಗಳ ಹಿಂದೆ ಕಚೇರಿಗಳು ಬಂದಿದ್ದವು, ಕಚೇರಿಗಳ ಹಿಂದೆ ನಮ್ಮಂಥವರು ಬಂದಿದ್ದೆವು. ಮನೆಗಳು ಮಾತ್ರ ಬಂದಿರಲಿಲ್ಲ. ಹೊಸದಾಗಿ ಕಟ್ಟೋಣವೆಂದರೆ ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಗೆ ಒಂದು ಕೈ ಸುಣ್ಣ ಬಳಿದು ರೂಮು ಎನ್ನುತ್ತಿದ್ದರು. ಮೈಸೂರಿನಿಂದ ವರ್ಗವಾಗಿ ಬಂದ ಗುಮಾಸ್ತರು, ಅಲ್ಲಿ ಇಡೀ ಮನೆಗೆ ಕೊಡುತ್ತಿದ್ದುದನ್ನು ಇಲ್ಲಿ ಒಂದು ಕೋಣೆಗೆ ಕೇಳುತ್ತಾರೆ ಎಂದು ಗೊಣಗುತ್ತಿದ್ದರು.

ನಾವು ಮೂವರಿದ್ದೆವು. ನಾನು ಮಳವಳ್ಳಿ ಕಡೆಯವನು, ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ನಕಲು ಗುಮಾಸ್ತ. ಇನ್ನೊಬ್ಬ ಚಿಕ್ಕರಸಿನಕೆರೆಯ ಹತ್ತಿರದವನು, ಸಕ್ಕರೆ ಕಾರ್ಖಾನೆಯ ಕಬ್ಬಿನ ಫಾರಂನಲ್ಲಿ ಕೂಲಿಯವರ ಹಾಜರಿ ಬರೆಯುತ್ತಿದ್ದ. ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಅವನನ್ನು ಇಲ್ಲಿ ಹಾಜರಿಯವನು ಎನ್ನುತ್ತೇನೆ. ಮೂರನೆಯವನು ಮದ್ದೂರಿನವನು, ಪ್ರೈಮರಿ ಸ್ಕೂಲಿನ ಮೇಷ್ಟ್ರು. ಅವನ ಊರು ರೈಲಿನಲ್ಲಿ ಹತ್ತಿರವೇ, ಆದರೆ ಅಣ್ಣನೊಂದಿಗೆ ಜಗಳವಾಡಿ ಮನೆ ಬಿಟ್ಟು ಬಂದಿದ್ದ. ನನ್ನ ಊರಿಗೆ ಇದ್ದದ್ದು, ಪೆಟ್ರೋಲು ಸಿಗದ ಆ ಕಾಲದ, ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಅದು ಹೊರಡುವ ದಿನ ಹೊರಡುತ್ತಿತ್ತು, ಏರು ಬಂದಾಗ ನಾವು ಇಳಿದು ನೂಕುತ್ತಿದ್ದೆವು. ಊರಿನಿಂದ ದಿನವೂ ಕಚೇರಿಗೆ ಬರುವ ಮಾತೇ ಇರಲಿಲ್ಲ. ಹಂಗಾಮಿಯವರು ಮಂಡ್ಯದಲ್ಲೇ ವಾಸವಿರಬೇಕು, ಇಲ್ಲವಾದರೆ ಬೇರೆಯವರಿದ್ದಾರೆ ಎಂದು ಹೆಡ್ ಗುಮಾಸ್ತರು ಹೇಳಿಯೂ ಇದ್ದರು. ತಲೆಯ ಮೇಲೆ ಸೂರು ಹೋದರೆ ಕೆಲಸವೂ ಹೋಯಿತು. ನನ್ನ ಮಟ್ಟಿಗೆ ಎರಡೂ ಒಂದೇ ಆಗಿದ್ದವು.

ನಾವಿದ್ದದ್ದು ಒಬ್ಬ ಬೆಲ್ಲದ ವ್ಯಾಪಾರಿಯ ಮನೆಗೆ ತಾಗಿದ ಕೊಟ್ಟಿಗೆಯಲ್ಲಿ. ದೀಪಾವಳಿ ಕಳೆದ ಮಾರನೆಯ ದಿನ ಅವರು ಬಾಗಿಲಿಗೆ ಬಂದು ನಿಂತರು. ಆಲೆಮನೆಗಳು ಶುರುವಾಗಿವೆ, ಮಾಲು ಇಡಲು ಜಾಗ ಬೇಕು ಎಂದರು. ಬಾಡಿಗೆ ಸ್ವಲ್ಪ ಹೆಚ್ಚು ಕೊಡುತ್ತೇವೆ ಎಂದು ಮೇಷ್ಟ್ರು ರಾಗ ತೆಗೆದ.

"ಕಾರ್ತೀಕ ಮುಗಿಯೋದ್ರೊಳ್ಗೆ ಕಾಲಿ ಮಾಡ್ಬುಡಿ. ಬೆಲ್ಲ ಬೀಡಿ ಸೇದಾಕಿಲ್ಲ, ಗೋಡೆಗೆ ಮೊಳೆ ಒಡೆಯಾಕಿಲ್ಲ, ನೀನು ಮೊದ್ಲು ನಾನು ಮೊದ್ಲು ಅಂತ ಕಚ್ಚಾಡಾಕಿಲ್ಲ. ನಿಮ್ಗಿಂತ ಬೆಲ್ಲಾನೆ ಮೇಲು ಕಣ್ರಪ್ಪ," ಎಂದು ಅವರು ಹೊರಟುಹೋದರು.

ಅಂದಿನಿಂದ ಸಾಯಂಕಾಲವಾದರೆ ಮನೆ ಹುಡುಕುವುದೇ ಕೆಲಸ. ಗುತ್ತಲಿನ ಕಡೆ ಒಬ್ಬ ಯಜಮಾನಿ ಹೊಸ್ತಿಲಾಚೆಯೇ ನಿಲ್ಲಿಸಿ ಮದುವೆಯಾಗಿದೆಯೇ ಎಂದು ಕೇಳಿದರು. ಇಲ್ಲ ಎಂದೆವು. ಮೂವರಲ್ಲಿ ಒಬ್ಬರಿಗೂ ಇಲ್ಲವೇ ಎಂದು ಮತ್ತೆ ಕೇಳಿದರು, ಒಬ್ಬನಿಗೆ ಆಗಿದ್ದರೂ ನಡೆಯುತ್ತಿತ್ತು ಎಂಬ ಹಾಗೆ. ಸ್ಟೇಷನ್ನಿನ ಹಿಂದೆ ಒಂದು ಕೋಣೆ ಇತ್ತು. ಬಾಡಿಗೆ ಮೇಷ್ಟ್ರ ಸಂಬಳದಷ್ಟು, ಜೊತೆಗೆ ಯಜಮಾನರ ಎಮ್ಮೆ ಒಂದು ಮೂಲೆಯಲ್ಲಿ ಇದ್ದುಕೊಂಡಿರುತ್ತದೆ, ಅದಕ್ಕೆ ತೊಂದರೆ ಕೊಡಬಾರದು. ಬ್ರಾಹ್ಮಣರ ಬೀದಿಯಲ್ಲಿ ನಾವು ಕೇಳಲೇ ಇಲ್ಲ. ಕೇಳಿದ್ದರೆ ಬರುತ್ತಿದ್ದ ಉತ್ತರ ಗೊತ್ತಿತ್ತು.

ಇಲ್ಲಿ ಒಂದು ಮಾತನ್ನು ನುಂಗಿ ಮುಂದೆ ಹೋಗಬಹುದಿತ್ತು. ಹರಿದ ಎರಡು ಬರಹಗಳಲ್ಲೂ ನುಂಗಿದ್ದೆ. ನಮಗೆ ಮನೆ ಸಿಕ್ಕಿತ್ತು. ಊರ ಹೊರಗಿನ ಕೇರಿಗೆ ತಾಗಿ ಒಂದು ಹೊಸ ಮನೆ, ಗಟ್ಟಿ ನೆಲ, ಹಿತ್ತಿಲಲ್ಲಿ ನುಗ್ಗೆ ಗಿಡ, ಬಾಡಿಗೆ ನಮ್ಮ ಕೊಟ್ಟಿಗೆಗಿಂತ ಕಡಿಮೆ. ಅದರ ಯಜಮಾನ ನಮ್ಮನ್ನು ಏನೂ ಕೇಳಲಿಲ್ಲ. ಒಳಗೆ ಕರೆದು ತೋರಿಸಿದ. ನೀರು ಎಲ್ಲಿಂದ ಎಂದು ಮೇಷ್ಟ್ರು ವಿಚಾರಿಸಿದ. ಎದುರಿನ ಬಾವಿ, ಎಲ್ಲರೂ ಅಲ್ಲೇ ಸೇದುವುದು ಎಂದ. ನಾವು ನಾಳೆ ಹೇಳುತ್ತೇವೆ ಎಂದು ಹೇಳಿ ಬಂದೆವು. ದಾರಿಯಲ್ಲಿ ಆ ಬಾವಿಯ ಮಾತನ್ನು ಯಾರೂ ಎತ್ತಲಿಲ್ಲ. ಮನೆ ಸ್ವಲ್ಪ ದೂರ ಎಂದು ಒಬ್ಬ ಅಂದ, ಹೌದು ದೂರ ಎಂದು ಇಬ್ಬರು ಅಂದೆವು. ಮೂವರ ಮನಸ್ಸಿನಲ್ಲೂ ಇದ್ದದ್ದು ನಮ್ಮ ನಮ್ಮ ಅವ್ವಂದಿರು ಬಂದರೆ ಆ ಬಾವಿಯ ನೀರು ಕುಡಿದಾರೆಯೇ ಎಂಬುದು. ಆದ್ದರಿಂದ ಮನೆ ಇರಲಿಲ್ಲ ಎಂಬ ಮಾತು ಸುಳ್ಳು.

ನಮ್ಮ ಕೊಟ್ಟಿಗೆಯ ಮಗ್ಗುಲಲ್ಲಿ, ಒಂದು ಗಿಡ್ಡ ಗೋಡೆಯಾಚೆ, ಒಂದು ಹಂಚಿನ ಮನೆ ಇತ್ತು. ಎರಡು ಕೋಣೆ, ಒಂದು ಅಡಿಗೆ ಮನೆ, ಹಿಂದೆ ಬಚ್ಚಲು, ಮುಂದೆ ಜಗಲಿ. ಅಲ್ಲಿ ಒಬ್ಬ ದರ್ಜಿಯಣ್ಣ, ಅವನ ಹೆಂಡತಿ, ಅವನ ತಾಯಿ ಇದ್ದರು. ದರ್ಜಿಯಣ್ಣ ಒಂದು ಬಟ್ಟೆಯಂಗಡಿಯ ಜಗಲಿಯಲ್ಲಿ ಮಿಷನ್ ಹಾಕಿಕೊಂಡಿದ್ದ. ಬಟ್ಟೆಗೆ ರೇಷನ್ ಬಂದು ಹೊಲಿಯುವುದಕ್ಕೆ ಹೆಚ್ಚೇನೂ ಇರದೆ ದಿನವೆಲ್ಲ ಹಳೆಯ ಅಂಗಿಗಳ ಕಾಲರು ತಿರುಗಿಸಿ ಹೊಲಿಯುತ್ತಿದ್ದ. ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಒಲೆ ಹಚ್ಚಲು ಬೆಂಕಿಕಡ್ಡಿ ಸಿಗದ ಕಾಲ. ದಿನವೂ ಬೆಳಿಗ್ಗೆ ಅವಳು ಗೋಡೆಯ ಮೇಲಿಂದ ಒಂದು ಕರಟದಲ್ಲಿ ಕೆಂಡ ಕೊಡುತ್ತಿದ್ದಳು. ಅಜ್ಜಿ ಒಳಕೋಣೆಯಲ್ಲಿ ಒಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿತ್ತು. ಕೆಮ್ಮು ಬಹಳ. ಆ ಗೋಡೆಯ ಬಿಸಿಯೇ ತನಗೆ ಔಷಧಿ ಎನ್ನುತ್ತಿತ್ತು. ನಮ್ಮನ್ನು ಕಂಡರೆ ಮೂರು ಕೋಣ ಒಂದೇ ಗೊಂತಿಗೆ ಕಟ್ಟವ್ರೆ ಎಂದು ನಗುತ್ತಿತ್ತು.

ಆ ಮನೆಯ ಯಜಮಾನರು ಮದ್ದೂರಿನಲ್ಲಿ ಇದ್ದರು, ವೈದ್ಯನಾಥಪುರಕ್ಕೆ ಹೋಗುವ ದಾರಿಯಲ್ಲಿ. ಒಂದು ಭಾನುವಾರ ಅವರಲ್ಲಿಗೆ ಹೋದೆವು. ದರ್ಜಿಯಣ್ಣ ಹೆಂಡತಿಯ ಊರಿಗೆ ಹೋಗಿ ನೆಲೆಸುವ ಮಾತಾಡುತ್ತಿದ್ದಾನೆ ಎಂಬ ಸುದ್ದಿಯನ್ನು ಮೇಷ್ಟ್ರು ಎಲ್ಲೋ ಹಿಡಿದಿದ್ದ. ಯಜಮಾನರು ಮಜ್ಜಿಗೆ ಕೊಟ್ಟು ಕೂರಿಸಿ ನಮ್ಮ ಮಾತು ಕೇಳಿದರು.

"ಎಂಟು ವರ್ಸದಿಂದ ಅವ್ರೆ. ಬುಡಿ ಅನ್ನಾಕೆ ನನ್ ಬಾಯ್ಗೆ ಬರಾಕಿಲ್ಲ. ಬಾಡಿಗೇನೂ ಏರ್ಸಿಲ್ಲ, ಎಂಗೆ ಏರ್ಸದು, ಆ ಮುದುಕಮ್ಮ ಕೆಮ್ತಾ ಕುಂತವ್ಳೆ. ಅವ್ರಾಗೇ ಬುಟ್ರೆ ಬೇರೆ ಮಾತು. ಬುಟ್ರೆ ಅದೇ ಬಾಡ್ಗೆಗೆ ನಿಮ್ಗೇಯ," ಎಂದರು.

ಅವರು ಒಳ್ಳೆಯವರು. ಅವರ ಒಳ್ಳೆಯತನದಿಂದಲೇ ನಮ್ಮ ತಲೆ ಕೆಟ್ಟಿತು ಎಂದು ಒಂದು ವಾಕ್ಯ ಬರೆದು ಈಗ ಹೊಡೆದುಹಾಕಿದೆ.

ತಿರುಗಿ ಬರುವಾಗ ರೈಲಿನಲ್ಲಿ ಯಾರೋ ಪ್ಲೇಗಿನ ಮಾತಾಡುತ್ತಿದ್ದರು. ಆಗ ಎಲ್ಲರಿಗೂ ಗೊತ್ತಿದ್ದ ಒಂದು ಕ್ರಮವನ್ನು ಈಗಿನವರಿಗಾಗಿ ಹೇಳಬೇಕು. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಅದನ್ನು ಇಲಿ ಬಿದ್ದಿತು ಎನ್ನುತ್ತಿದ್ದರು. ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಅದನ್ನು ಮುಟ್ಟದೆ ಹೊರಗೆ ಬಂದು ವರದಿ ಕೊಡಬೇಕು. ಆಮೇಲೆ ಮನೆ ಬಿಟ್ಟು ಬಯಲಿನಲ್ಲಿ ಸೋಗೆಯ ಶೆಡ್ಡು ಹಾಕಿಕೊಂಡಿರಬೇಕು. ಬಿಸಿಲು ಬೀಳಲೆಂದು ಹಂಚು ತೆಗೆದು, ಹೊಗೆ ಹಾಕಿ, ಬಾಗಿಲಿಗೆ ಬೀಗ ಜಡಿದು ವಾರಗಟ್ಟಲೆ ಬಿಡುತ್ತಿದ್ದರು. ಹಾಗೆ ಬಿಟ್ಟ ಮನೆಗೆ ಕೆಲವರು ತಿರುಗಿ ಬರುತ್ತಲೇ ಇರಲಿಲ್ಲ. ಇಲ್ಲೇನಿದೆ ಎಂದು ಅತ್ತಲಿಂದತ್ತಲೇ ಹುಟ್ಟೂರಿಗೆ ಹೋಗಿಬಿಡುತ್ತಿದ್ದರು.

"ಒಂದು ಇಲಿ ಬಿದ್ರೆ ಸಾಕು, ಮನೆ ತಾನಾಗೆ ಕಾಲಿ," ಎಂದು ನಮ್ಮಲ್ಲಿ ಒಬ್ಬ ಅಂದ. ಯಾರು ಎಂಬುದು ನೆನಪಿಲ್ಲ. ನೆನಪು ಮಾಡಿಕೊಂಡರೆ ಅದು ಮೇಷ್ಟ್ರ ಧ್ವನಿಯಲ್ಲಿ ಕೇಳುತ್ತದೆ. ಆದರೆ ಮೇಷ್ಟ್ರು ಈಗ ಬದುಕಿಲ್ಲ, ಸತ್ತವರ ಧ್ವನಿಯಲ್ಲಿ ಯಾವ ಮಾತನ್ನಾದರೂ ಕೇಳಿಸಿಕೊಳ್ಳಬಹುದು. ಮೂವರೂ ನಕ್ಕೆವು, ಇಷ್ಟು ನಿಜ. ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನಗು ನಿಂತಿತ್ತು.

ಇಲಿಯನ್ನು ಹಾಜರಿಯವನು ಅಕ್ಕಿ ಗಿರಣಿಯಿಂದ ತಂದ. ಅಲ್ಲಿ ಬೋನು ಇಡುತ್ತಿದ್ದರು, ಕೊಬ್ಬಿದ ಇಲಿಗಳು ಬೀಳುತ್ತಿದ್ದವು. ನಮ್ಮ ಬಕೆಟ್ಟಿನಲ್ಲಿ ಅದನ್ನು ಬೋನಿನ ಸಮೇತ ಮುಳುಗಿಸಿದೆವು. ಆಮೇಲೆ ನೋಡಿದರೆ ಇಲಿ ನೆಂದು ತೊಪ್ಪೆಯಾಗಿತ್ತು. ನೀರಲ್ಲಿ ಸತ್ತದ್ದೆಂದು ಕುರುಡನಿಗೂ ತಿಳಿಯುವಂತಿತ್ತು. ಹಾಗಾಗಿ ಅದನ್ನು ಒಣಗಿಸಬೇಕಾಯಿತು. ಕೊಟ್ಟಿಗೆಯ ಹಿಂದೆ, ಯಾರಿಗೂ ಕಾಣದ ಹಾಗೆ, ಒಂದು ಮುರಿದ ಮೊರದ ಮೇಲೆ ಬಿಸಿಲಿಗೆ ಇಟ್ಟೆವು. ಕಾಗೆಗಳು ಬಂದವು. ಮಕ್ಕಳಿಗೆ ಸತ್ಯವನ್ನೇ ನುಡಿ ಎಂದು ಕಾಪಿ ಬರೆಸುವ ಮೇಷ್ಟ್ರು ಕೈಯಲ್ಲಿ ಕೋಲು ಹಿಡಿದು, ಹಪ್ಪಳ ಕಾಯುವ ಮುದುಕಿಯ ಹಾಗೆ ಮಧ್ಯಾಹ್ನವೆಲ್ಲ ಕೂತು ಇಲಿ ಕಾದ. ಗಂಟೆಗೊಮ್ಮೆ ಹಾಜರಿಯವನು ಹೋಗಿ ಅದನ್ನು ಮಗುಚಿ ಹಾಕಿ ಬರುತ್ತಿದ್ದ. ಒಳ್ಳೆ ಬಿಸಿಲು ಕಣ್ಲಾ ಎನ್ನುತ್ತಿದ್ದ. ನನಗೆ ಆ ಮಧ್ಯಾಹ್ನ ನಗು ತಡೆಯಲಾಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೊದಲು ನಗುವೇ ಬರುತ್ತದೆ, ಮುಖ ಬಿಸಿಯಾಗುವುದು ಆಮೇಲೆ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ನೀರಿಗೆ ಹೋದಳು. ನಾನು ಗೋಡೆಯ ಮೇಲಿಂದ ಬಗ್ಗಿ, ಬಚ್ಚಲೊಲೆಯ ಪಕ್ಕಕ್ಕೆ ಬೀಳುವ ಹಾಗೆ ಎಸೆದೆ. ಬಿದ್ದ ಸದ್ದಿಗೆ ಒಳಗಿನಿಂದ ಅಜ್ಜಿ ಯಾರದು ಎಂದಿತು. ಹಾಜರಿಯವನು ಎತ್ತರದವನು, ಅವನು ಎಸೆದಿದ್ದರೆ ಸುಲಭವಿತ್ತು. ಅವನ ಕೈ ನಡುಗುತ್ತಿತ್ತು. ನನ್ನದು ನಡುಗಲಿಲ್ಲ. ಎರಡು ಸಲ ಬರೆದು ಹರಿದದ್ದು ಈ ಒಂದು ವಾಕ್ಯಕ್ಕಾಗಿ ಎಂದು ಈಗ ಅನ್ನಿಸುತ್ತದೆ.

ಅಕ್ಕ ಇಲಿಯನ್ನು ನೋಡಿ ಕೂಗಲಿಲ್ಲ. ಒಲೆ ಹಚ್ಚಲು ಬಗ್ಗಿದವಳು ಹಾಗೆಯೇ ಹಿಂದೆ ಸರಿದು ಒಳಗೆ ಹೋಗಿ ಅತ್ತೆಯ ಕೈ ಹಿಡಿದು ಎಬ್ಬಿಸಿ, ಒಂದು ಕಂಬಳಿ ಹೊದಿಸಿ, ಬೀದಿಗೆ ಕರೆದುಕೊಂಡು ಬಂದು ನಿಲ್ಲಿಸಿದಳು. ಆಮೇಲೆ ನಮ್ಮ ಬಾಗಿಲಿಗೆ ಬಂದಳು.

"ಅಣ್ಣಯ್ಯ, ನಮ್ಮನೇಲಿ ಇಲಿ ಬಿದ್ದದೆ. ನೀವು ಗೋಡೆ ಮಗ್ಗುಲೇ ಮಲಗ್ತೀರಿ, ಮೊದ್ಲು ನೀವು ಈಚೆ ಬನ್ನಿ," ಎಂದಳು.

ಮಾರನೆಯ ದಿನ ಪ್ಲೇಗಿನ ಇನ್‌ಸ್ಪೆಕ್ಟರು ಬಂದು ಕಡ್ಡಿಯಿಂದ ಇಲಿಯನ್ನು ಹೊರಳಿಸಿ ನೋಡಿ, ಸೀಮೆಎಣ್ಣೆ ಸುರಿದು ಸುಡಿಸಿದರು. ಜೇಬಿನಿಂದ ಒಂದು ಕಾಗದ ತೆಗೆದು ಓದಿದರು. ಇಲಿ ಬಿದ್ದ ಮನೆಯ ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಮನೆಗಳನ್ನೂ ಕೂಡಲೇ ಖಾಲಿ ಮಾಡಿಸತಕ್ಕದ್ದು. ನಮ್ಮ ಕೊಟ್ಟಿಗೆ ಎಡಗಡೆಯ ಮೊದಲನೆಯದು.

ಅವರ ಕೈಯಲ್ಲಿದ್ದ ಕಾಗದದ ಅಕ್ಷರ ನನ್ನದು. ತಿಂಗಳ ಹಿಂದೆ ಆ ಸುತ್ತೋಲೆಯನ್ನು ಏಳು ಪ್ರತಿ ನಕಲು ಮಾಡಿದ್ದವನು ನಾನೇ. ನಕಲು ಗುಮಾಸ್ತ ಓದಬಾರದು. ಓದಿದರೆ ಮನಸ್ಸು ಮುಂದಿನ ಪದವನ್ನು ತಾನೇ ಊಹಿಸಿ ಬರೆದುಬಿಡುತ್ತದೆ, ತಪ್ಪಾಗುತ್ತದೆ. ಅಕ್ಷರ ನೋಡು, ಅರ್ಥ ನೋಡಬೇಡ ಎಂದು ಹೆಡ್ ಗುಮಾಸ್ತರು ಸೇರಿದ ದಿನವೇ ಕಲಿಸಿದ್ದರು. ನಾನು ಒಳ್ಳೆಯ ಗುಮಾಸ್ತನಾಗಿದ್ದೆ. ಒಂದು ಮನೆ ಖಾಲಿಯಾಗುತ್ತದೆ ಎಂದುಕೊಂಡವನು ಒಂಬತ್ತು ಮನೆಗಳನ್ನು ಬೀದಿಗೆ ತಂದಿದ್ದೆ, ನಮ್ಮದನ್ನೂ ಸೇರಿಸಿ.

ನಾಲೆಯಾಚೆ ಒಂದು ಖಾಲಿ ಹೊಲದಲ್ಲಿ ಬಿದಿರು ನೆಟ್ಟು ಕಬ್ಬಿನ ಸೋಗೆ ಹೊದಿಸಿದರು. ಬೆಲ್ಲದ ವ್ಯಾಪಾರಿ ಅಚ್ಚುಗಳನ್ನು ಗಾಡಿಗೆ ಹೇರಿಕೊಂಡು ಬಂದು ಒಂದು ಶೆಡ್ಡಿಗೆ ತುಂಬಿ, ಇರುವೆಗಳನ್ನು ಬೈಯುತ್ತ ಅದರ ಬಾಗಿಲಲ್ಲಿ ಕೂತರು. ಎಲ್ಲರಿಗೂ ಸೂಜಿ ಹಾಕಿದರು. ತೋಳು ಬಾತು ಜ್ವರ ಬಂತು. ಸಂಸಾರದವರಿಗೆ ಮೊದಲು ಶೆಡ್ಡು ಸಿಕ್ಕಿತು, ನಮ್ಮ ಸರದಿ ಬರುವ ಹೊತ್ತಿಗೆ ಸೋಗೆ ಮುಗಿದಿತ್ತು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅಕ್ಕ ತಮ್ಮ ಶೆಡ್ಡಿನ ನಡುವೆ ಒಂದು ಹಳೆಯ ಸೀರೆ ಕಟ್ಟಿ, ಆ ಮಗ್ಗುಲಿಗೆ ನೀವಿರಿ ಎಂದಳು. ಹೆಂಗಸರಿರುವ ಜಾಗ ಎಂದು ಮೇಷ್ಟ್ರು ಅನುಮಾನಿಸಿದ. ದರ್ಜಿಯಣ್ಣ, ಇಲಿಗಿಂತ ನೀವೇನು ಕೆಟ್ಟೋರಾ ಎಂದು ನಕ್ಕ. ಹಾಜರಿಯವನು ಆ ದಿನ ಊಟ ಮಾಡಲಿಲ್ಲ. ಸೂಜಿಯ ಜ್ವರ ಎಂದು ಎಲ್ಲರೂ ಅಂದುಕೊಂಡರು.

ಹೀಗೆ ನಮಗೆ ಬಾಡಿಗೆಯಿಲ್ಲದ ಮನೆ ಸಿಕ್ಕಿತು. ಸೀರೆಯಾಚೆ ಅಜ್ಜಿ ಕೆಮ್ಮುತ್ತಿತ್ತು. ಬಯಲಿನ ಚಳಿ, ನಾಲೆಯ ತೇವ, ಬೆನ್ನಿಗೆ ಬಿಸಿ ಗೋಡೆಯಿಲ್ಲ. ಬಿಸಿಯಾದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕ ಬೆನ್ನಿಗೆ ಇಡುತ್ತಿದ್ದಳು. ಅದು ಆರುತ್ತಿತ್ತು. ದಿನಕ್ಕೆ ಹತ್ತು ಸಲ ಅಜ್ಜಿ ಕೇಳುತ್ತಿದ್ದದ್ದು ಒಂದೇ, ಮನೆಗೆ ಯಾವತ್ತು ಓಗದು. ಬೀಗ ತೆಗೆದ ದಿನ ಎಂದು ಮಗ ಹೇಳುತ್ತಿದ್ದ. ಅದಕ್ಕೆ ತೃಪ್ತಿಯಾಗದೆ ಸೀರೆಯ ಸಂದಿನಿಂದ ನನ್ನನ್ನು ಕೇಳುತ್ತಿತ್ತು, ನಾನು ಕಚೇರಿಯವನು, ನನಗೆ ಗೊತ್ತಿರಬೇಕು ಎಂದು.

ಆ ಮನೆಯಲ್ಲಿ ಪ್ಲೇಗು ಇರಲಿಲ್ಲ. ಅದು ಗೊತ್ತಿದ್ದದ್ದು ನಮಗೆ ಮೂವರಿಗೆ. ಹೇಳಿದರೆ ಇನ್‌ಸ್ಪೆಕ್ಟರು ಬೈದಾರು, ಹೊಡೆದಾರು, ನಮ್ಮ ಕೆಲಸ ಹೋದೀತು, ಆದರೆ ಅಜ್ಜಿ ಅವತ್ತೇ ತನ್ನ ಗೋಡೆಗೆ ತಿರುಗಿ ಹೋಗುತ್ತಿತ್ತು. ಮೂರನೆಯ ದಿನ ನಾಲೆಯ ಏರಿಯ ಮೇಲೆ ಕೂತು ಇದನ್ನು ಎತ್ತಿದೆ.

"ಯೋಳ್ಬುಡಾನ," ಎಂದೆ.

"ಯಾರ್ಗ್ಲಾ ಯೋಳೀಯೆ? ಒಂಬತ್ತು ಮನೆಯೋರು ಸೇರ್ಕಂಡು ನಮ್ಮ ಚರ್ಮ ಸುಲೀತಾರೆ. ಆಮ್ಯಾಕೆ ಜೈಲು," ಎಂದ ಹಾಜರಿಯವನು. ಅವನ ದೊಡ್ಡ ಗಂಟಲು ಎಲ್ಲೋ ಹೋಗಿತ್ತು, ಪಿಸುಗುಟ್ಟುತ್ತಿದ್ದ.

ಮೇಷ್ಟ್ರು, ಇನ್ನು ಎಷ್ಟು ದಿನ, ಎರಡು ವಾರ, ಹೆಚ್ಚೆಂದರೆ ಮೂರು, ಅಜ್ಜಿ ಹೇಗೂ ಐದು ವರ್ಷದಿಂದ ಕೆಮ್ಮುತ್ತಿದೆ ಎಂದ. ನನಗೆ ಬೇಕಾಗಿದ್ದ ಮಾತು ಅದೇ. ಯೋಳ್ಬುಡಾನ ಎಂದು ನಾನು ಎತ್ತಿದ್ದು ಅವರು ಬೇಡವೆನ್ನಲಿ ಎಂದೇ ಇರಬಹುದು.

ಇಲ್ಲಿ ನನ್ನ ನೆನಪು ಒಂದು ಉಪಕಾರ ಮಾಡಲು ಮುಂದೆ ಬರುತ್ತದೆ. ಐದನೆಯ ದಿನ ಕೆರೆ ಕಡೆಯ ಬೀದಿಯಲ್ಲಿ ನಿಜವಾಗಿಯೂ ಇಲಿ ಬಿದ್ದವು, ನಾಲ್ಕಾರು ಮನೆಗಳಲ್ಲಿ, ಆ ಕಡೆಯವರೂ ಊರು ಬಿಟ್ಟರು ಎಂದು ಅದು ಹೇಳುತ್ತದೆ. ಹಾಗಿದ್ದರೆ ನಾವು ಹೇಳಿದ್ದರೂ ಯಾರೂ ಆ ಮನೆಯ ಬೀಗ ತೆಗೆಯುತ್ತಿರಲಿಲ್ಲ. ಹಾಗಿದ್ದರೆ ನಮ್ಮ ಸುಳ್ಳು ಇಲಿ ಒಂಬತ್ತು ಮನೆಯವರನ್ನು ಮುಂಚೆಯೇ ಹೊರಗೆ ಕಳಿಸಿ ಕಾಪಾಡಿತು. ಶೆಡ್ಡುಗಳಲ್ಲಿ ಯಾರೋ ಹಾಗೆ ಅಂದದ್ದು, ದೇವರೇ ಮೊದಲು ನಮಗೆ ಸೂಚನೆ ಕೊಟ್ಟ ಎಂದು ಕೈ ಮುಗಿದದ್ದು ಕಿವಿಯಲ್ಲಿದೆ. ಆ ವರ್ಷ ಕೆರೆ ಕಡೆ ಇಲಿ ಬಿದ್ದದ್ದು ನಿಜ. ಆದರೆ ಐದನೆಯ ದಿನವೇ? ಬಹಳ ವರ್ಷಗಳ ಮೇಲೆ ಹಾಜರಿಯವನನ್ನು ಕೇಳಿದೆ. ಅವನು, ಅದು ನಾವು ಶೆಡ್ಡು ಬಿಟ್ಟು ಬಂದ ಮೇಲೆ ಕಣೋ, ಸಂಕ್ರಾಂತಿ ಹತ್ತಿರ ಎಂದ. ಖಂಡಿತವೇ ಎಂದೆ. ಖಂಡಿತ ಎಂದ. ನನ್ನ ಐದನೆಯ ದಿನ ಎಲ್ಲಿಂದ ಬಂತೆಂದು ಅಂದಿನಿಂದ ಯೋಚಿಸಿದ್ದೇನೆ. ಅದು ಬೇಕಾದದ್ದರಿಂದ ಬಂದಿರಬೇಕು. ಹಾಜರಿಯವನ ಮಾತನ್ನೇ ನಂಬುತ್ತೇನೆ, ಅವನ ಮಾತಿನಿಂದ ನನಗೆ ಯಾವ ಲಾಭವೂ ಇಲ್ಲ.

ಒಂದು ಬೆಳಿಗ್ಗೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಅಲ್ಲಿ ಆಡಿದ ಮಾತು ನನ್ನ ತಲೆಯಲ್ಲಿ ಹುಟ್ಟುವಂಥದ್ದಲ್ಲ. ಶೆಡ್ಡಿಗೆ ಹೋಗಿ ಹತ್ತು ದಿನವಾಗಿತ್ತು. ಅಕ್ಕ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಗಂಡಸರು ಕೆಲಸಕ್ಕೆ ಹೋಗಿದ್ದರು. ನಾನು ಕಚೇರಿಗೆ ಹೊರಟು ಕೋಟು ಹಾಕಿಕೊಳ್ಳುತ್ತಿದ್ದೆ. ಅಜ್ಜಿ ಸೀರೆ ಸರಿಸಿ, ಮನೆಗೆ ಯಾವತ್ತು ಓಗದು ಮಗ ಎಂದಿತು. ನಾನು ಹೋಗಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

"ಅಜ್ಜಿ, ಆ ಇಲಿ ತಾನಾಗಿ ಬಿದ್ದಿದ್ದಲ್ಲ. ನಾನು ಎಸೆದದ್ದು. ನಿಮ್ಮ ಮನೇಲಿ ಏನೂ ಇಲ್ಲ," ಎಂದೆ.

ಅಜ್ಜಿ ನನ್ನ ಮುಖವನ್ನು ನೋಡಿತು. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಲು ಬಾಯಿ ತೆರೆದೆ.

"ಕೇಳುಸ್ತು ಕಣ್ಲಾ. ಯಾರೆಸೆದ್ರೆ ನಂಗೇನು. ಏನೂ ಇಲ್ಲ ಅಂದ್ಮ್ಯಾಕೆ ಎಬ್ಸು ನನ್ನ, ಕರ್ಕಂಡೋಗು," ಎಂದು ಎರಡೂ ಕೈ ಚಾಚಿತು.

ನಾನು ಆ ಕೈಗಳನ್ನು ಹಿಡಿಯಲಿಲ್ಲ. ಬೈದಿದ್ದರೆ, ಅತ್ತಿದ್ದರೆ, ಹೇಳಿದವನ ಭಾರ ಇಳಿಯುತ್ತಿತ್ತು. ಅಜ್ಜಿ ನನಗೆ ಒಂದು ಕೆಲಸ ಹಚ್ಚಿತು. ಎಬ್ಬಿಸಿ, ತೋಳು ಹಿಡಿದು, ನಾಲೆಯ ಸೇತುವೆ ದಾಟಿಸಿ, ಬೀಗ ಹಾಕಿದ ಬಾಗಿಲವರೆಗೆ ನಡೆಸಿ, ಅಲ್ಲಿ ಬಂದವರಿಗೆಲ್ಲ ಕಾರಣ ಹೇಳಬೇಕಾದ ಕೆಲಸ. ಕಚೇರಿಗೆ ಹೊತ್ತಾಯಿತು ಅಜ್ಜಿ, ಸಾಯಂಕಾಲ ಬರುತ್ತೇನೆ ಎಂದೆ. ಸಾಯಂಕಾಲ ಬರುತ್ತೀಯಾ ಹಾಗಾದರೆ ಎಂದು ಅದು ಕಂಬಳಿ ಹೊದೆದುಕೊಂಡಿತು.

ಸಾಯಂಕಾಲ ನಾನು ಬೇಕೆಂದೇ ತಡ ಮಾಡಿದೆ. ಬರುವ ಹೊತ್ತಿಗೆ ಅಜ್ಜಿ ಮಲಗಿತ್ತು. ಮಾರನೆಯ ದಿನ ಬೇಗ ಎದ್ದು ಹೋದೆ. ಎರಡು ದಿನದ ಮೇಲೆ, ಬೆಳಿಗ್ಗೆ ಇಟ್ಟಿಗೆ ಬಿಸಿ ಮಾಡಿ ತಂದ ಅಕ್ಕ ಅತ್ತೆಯನ್ನು ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಪ್ಲೇಗಲ್ಲ ಎಂದು ಇನ್‌ಸ್ಪೆಕ್ಟರು ಬಂದು ನೋಡಿ ಬರೆದುಕೊಂಡರು. ವಯಸ್ಸಾಗಿತ್ತು ಎಂದು ಎಲ್ಲರೂ ಅಂದರು. ನಾವು ಮೂವರೂ ಅಂದೆವು, ಎಲ್ಲರಿಗಿಂತ ಹೆಚ್ಚು ಸಲ.

ಬೀಗ ತೆಗೆಯುವ ದಿನ ಬಂದಾಗ ದರ್ಜಿಯಣ್ಣ ತಿರುಗಿ ಹೋಗಲಿಲ್ಲ. ಅವ್ವನಿಲ್ಲದ ಮನೆ ಬೇಡ, ಹೊಲಿಗೆಯೂ ಇಲ್ಲ, ಮಳವಳ್ಳಿ ಕಡೆ ಹೆಂಡತಿಯ ತವರಲ್ಲಿ ಇದ್ದುಬಿಡುತ್ತೇನೆ ಎಂದ. ನಾವು ಎಣಿಸಿದ್ದೆಲ್ಲ ಎಣಿಸಿದ ಹಾಗೆಯೇ ಆಯಿತು. ಮದ್ದೂರಿನ ಯಜಮಾನರು ಮಾತು ತಪ್ಪದೆ ಹೇಳಿಕಳಿಸಿದರು, ಅದೇ ಬಾಡಿಗೆಗೆ ಮನೆ ನಿಮ್ಮದು ಎಂದು. ಬೇಡ ಎನ್ನಬಹುದಿತ್ತು. ಊರ ಹೊರಗಿನ ಆ ನುಗ್ಗೆ ಗಿಡದ ಮನೆ ಇನ್ನೂ ಖಾಲಿ ಇತ್ತು, ನಾನು ಒಂದು ಸಲ ಆ ದಾರಿಯಾಗಿ ಹೋಗಿ ನೋಡಿಯೂ ಬಂದೆ. ಬಾವಿಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು. ತಿರುಗಿ ಬಂದು, ಮದ್ದೂರಿಗೆ ಒಪ್ಪಿಗೆಯ ಕಾಗದ ಬರೆದೆ.

ಮೇಷ್ಟ್ರು ಅಣ್ಣನೊಂದಿಗೆ ರಾಜಿಯಾಗಿ ಮದ್ದೂರಿಗೆ ಹೊರಟುಹೋದ. ಹಾಜರಿಯವನು ಫಾರಂನ ಹತ್ತಿರ ಒಂದು ಹಳ್ಳಿಯಲ್ಲಿ ಯಾರದೋ ಜಗಲಿಯ ಮೇಲೆ ಮಲಗುತ್ತೇನೆ ಎಂದ, ಆ ಮನೆಗೆ ಬರುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಹೀಗೆ ಮೂವರಿಗೆಂದು ಹುಡುಕಿದ ಮನೆಗೆ ನಾನೊಬ್ಬನೇ ಹೋದೆ.

ಅಕ್ಕ ಪಾತ್ರೆ ಪಡಗ ಕಟ್ಟಿಕೊಳ್ಳಲು ಬಂದಿದ್ದಳು. ದರ್ಜಿಯಣ್ಣ ಬೀದಿಯಲ್ಲಿ ಗಾಡಿಗೆ ಮಿಷನ್ನು ಕಟ್ಟುತ್ತಿದ್ದ. ನಾನು ಹಿತ್ತಾಳೆ ಕೊಳಗ, ಒನಕೆ, ಗೋಣಿಯಲ್ಲಿ ಸುತ್ತಿದ ಮಣೆಗಳನ್ನು ಒಂದೊಂದಾಗಿ ಹೊರಗೆ ತಂದು ಕೊಟ್ಟೆ. ಮುಗಿದ ಮೇಲೆ ಅವಳು ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅತ್ತೆ ನಿನ್ನ ಭಾಳ ಕಾದ್ಲು ಅಣ್ಣಯ್ಯ. ಕಚೇರಿಯವ್ನು ಸಂಜೆ ಬತ್ತಾನೆ, ಮನೆಗೆ ಕರ್ಕಂಡೋಯ್ತೀನಿ ಅಂದವ್ನೆ ಅಂತ ಒಳ್ಳೆ ಸೀರೆ ಉಟ್ಕಂಡು ಕುಂತಿದ್ಲು. ಎರಡು ದಿನಾನೂ. ಜ್ವರದಲ್ಲಿ ಏನೋ ಅಂತವ್ಳೆ ಅಂದ್ಕಂಡೆ," ಎಂದಳು.

ಇನ್ನೇನಾದರೂ ಹೇಳಿತೇ ಎಂದು ಕೇಳಬೇಕೆನಿಸಿತು. ಅಜ್ಜಿ ಇಲಿಯ ವಿಷಯ ಸೊಸೆಗೆ ಹೇಳಿತ್ತೋ ಇಲ್ಲವೋ, ಅಕ್ಕ ತಿಳಿದೇ ಹೀಗೆ ಅಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮುಖದಲ್ಲಿ ಏನಿತ್ತೆಂದು ಬರೆಯಲಾರೆ, ನಾನು ಮುಖ ನೋಡಲಿಲ್ಲ. ಸೌದೆಯನ್ನು ಮಳೆಗೆ ನೆನೆಯದ ಹಾಗೆ ಎಲ್ಲಿಡುತ್ತಿದ್ದಿರಿ ಎಂದು ಕೇಳಿದೆ.

ಅಟ್ಟದ ಮೇಲೆ ಎಂದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟಳು.

"ಒಸಿ ಬಿಗಿ ಅದೆ. ಸುಮ್ಕೆ ತಿರುಗುಸ್ಬ್ಯಾಡ, ಕದ ಒಸಿ ಮ್ಯಾಕೆತ್ಕಂಡು ತಿರುಗ್ಸು," ಎಂದಳು.

ಗಾಡಿ ಹೊರಟುಹೋಯಿತು. ನಾನು ಕದ ಎಳೆದು ಬೀಗ ಹಾಕಿ, ಕೊಟ್ಟಿಗೆಯಿಂದ ನನ್ನ ಟ್ರಂಕು ಹಾಸಿಗೆ ತಂದೆ. ಅವಳು ಹೇಳಿದ ಹಾಗೆ ಕದವನ್ನು ಸ್ವಲ್ಪ ಮೇಲೆತ್ತಿ ತಿರುಗಿಸಿದೆ. ಒಂದೇ ಸಲಕ್ಕೆ ತೆರೆಯಿತು. ನಾಲ್ಕು ವರ್ಷ ಆ ಮನೆಯಲ್ಲಿದ್ದೆ.